ಕೇಳಿ ತಂದ ಕಡ್ಡಿ

ಹೂ ಬಿಡುವುದನ್ನು ಅದು ಒಂದು ದಿನವೂ ನಿಲ್ಲಿಸಲಿಲ್ಲವಲ್ಲ ಎಂಬುದೇ ರುಬಿಯೆಲಾಳ ಸಿಟ್ಟು. ಮಳೆಯೆನ್ನದೆ, ಬಿಸಿಲೆನ್ನದೆ, ಮಗ ಸತ್ತ ವಾರವೆನ್ನದೆ ಜಗಲಿಯ ತುದಿಯ ಕುಂಡದಲ್ಲಿ ಆ ಜೆರೇನಿಯಂ ಗೊಂಚಲು ಗೊಂಚಲಾಗಿ ಅರಳುತ್ತಲೇ ಇತ್ತು. ಬಿಳಿ ಎಸಳು, ಎಸಳಿನ ನಡುವೆ ಕೆಂಪು ಗೆರೆ. ಇಡೀ ಊರಿನಲ್ಲಿ ಆ ಬಣ್ಣದ್ದು ಇನ್ನೊಂದಿಲ್ಲವೆಂದು ಅವಳು ತಿಳಿದಿದ್ದಳು. ಮಗ ದುವಾನ್ ಅದನ್ನು ಜೀಪು ಓಡಿಸಿಕೊಂಡು ಹೋಗಿದ್ದ ಯಾವುದೋ ಕೆಳಗಿನ ಊರಿನ ಪಾದ್ರಿಯ ಅಂಗಳದಿಂದ ಕದ್ದು, ತನ್ನ ಕಾಲುಚೀಲವನ್ನೇ ಒದ್ದೆ ಮಾಡಿ ಅದರಲ್ಲಿ ಸುತ್ತಿ ತಂದಿದ್ದ. ಅವನ ಶವಪೆಟ್ಟಿಗೆ ಜಗಲಿ ದಾಟಿ ಹೊರಗೆ ಹೋಗುವಾಗ ಹೊತ್ತವರಲ್ಲಿ ಯಾರದೋ ಭುಜ ತಾಗಿ ಒಂದು ಗೊಂಚಲು ಮುರಿದು ಬಿದ್ದಿತ್ತು. ವಾರ ಕಳೆಯುವುದರೊಳಗೆ ಮುರಿದ ಜಾಗದ ಪಕ್ಕದಲ್ಲೇ ಮೊಗ್ಗುಗಳು ಕತ್ತು ಎತ್ತಿದ್ದವು. ನಾಚಿಕೆಗೆಟ್ಟದ್ದು, ಎಂದು ಆವತ್ತು ಬೈದಿದ್ದಳು. ಇವತ್ತು ಬೆಳಿಗ್ಗೆ ಒಣಗಿದ ಹೂ ಚಿವುಟುತ್ತಿರುವಾಗಲೂ ಅದೇ ಮಾತು ಬಾಯಿಗೆ ಬಂತು. ಆದರೆ ಗಿಡಕ್ಕೆ ಅಂದದ್ದೋ ತನಗೇ ಅಂದುಕೊಂಡದ್ದೋ ತಿಳಿಯಲಿಲ್ಲ. ನಿನ್ನೆ ಇದೇ ಹೊತ್ತಿಗೆ, ಇದೇ ಜಗಲಿಯಲ್ಲಿ, ಇದೇ ಬಾಯಿ ರಸ್ತೆಗೆಲ್ಲ ಕೇಳುವಂತೆ ‘ಕಳ್ಳಿ!’ ಎಂದು ಕೂಗಿತ್ತು. ಆ ಕೂಗನ್ನು ಹೇಗೆ ವಾಪಸು ತೆಗೆದುಕೊಳ್ಳುವುದು ಎಂದು ರಾತ್ರಿಯೆಲ್ಲ ಯೋಚಿಸಿ ಸೋತಿದ್ದಳು. ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ. ಇದು ಮುತ್ತೂ ಆಗಿರಲಿಲ್ಲ.

ಈ ಗುಡ್ಡದ ಊರಿನಲ್ಲಿ ಜೆರೇನಿಯಂ ಅನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಬೇಡುವುದಿಲ್ಲ. ಕೇಳಿ ತಂದ ಕಡ್ಡಿ ಹತ್ತುವುದಿಲ್ಲ, ಬೇರು ಬಿಡುವುದಿಲ್ಲ ಎನ್ನುತ್ತಾರೆ. ಕದ್ದದ್ದು ಮಾತ್ರ ಹತ್ತುತ್ತದೆ. ರುಬಿಯೆಲಾಳ ಜಗಲಿಯಲ್ಲಿ ಇದ್ದದ್ದೆಲ್ಲ ಕದ್ದ ಮಾಲೇ. ಗುಲಾಬಿ ಬಣ್ಣದ್ದು ಔಷಧಿ ಅಂಗಡಿಯವನ ಹೆಂಡತಿಯದು. ಕಿತ್ತಳೆ ಬಣ್ಣದ್ದು ಕನ್ಯಾಸ್ತ್ರೀಯರ ಕಿಟಕಿಯದು. ಅದನ್ನು ಕೈಚೀಲದಲ್ಲಿ ಜಪಮಾಲೆಯ ಜೊತೆಗೇ ಇಟ್ಟುಕೊಂಡು ಬಂದಿದ್ದಳು, ಪಾಪನಿವೇದನೆಯಲ್ಲಿ ಹೇಳಬೇಕೆಂದು ಹೊಳೆದೂ ಇರಲಿಲ್ಲ. ಕದಿಯುವವಳಿಗೆ ಒಂದು ಮರ್ಯಾದೆಯಿದೆ: ಗಿಡ ಬೋಳಾಗದ ಹಾಗೆ ಒಂದೇ ಒಂದು ಕಡ್ಡಿ. ಕಳೆದುಕೊಳ್ಳುವವಳಿಗೂ ಒಂದು ಮರ್ಯಾದೆಯಿದೆ: ತನ್ನ ಗಿಡದ ಮೇಲೆ ಪರರ ಕೈ ಕಂಡ ತಕ್ಷಣ ಒಲೆಯ ಮೇಲಿಟ್ಟ ಹಾಲು ನೆನಪಾಗಬೇಕು, ಒಳಗೆ ಹೋಗಬೇಕು. ಹಾಲು ಇರಲಿ ಇಲ್ಲದಿರಲಿ. ಊರಿನ ಹೆಂಗಸರೆಲ್ಲ ಹೀಗೆ ಒಬ್ಬರಿಗೊಬ್ಬರು ಕದ್ದುಕೊಂಡು, ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು, ಜಗಲಿ ತುಂಬ ಬಣ್ಣ ತುಂಬಿಸಿಕೊಂಡು ಬಂದವರು. ಒಂದು ಕಡ್ಡಿಗಾಗಿ ಒಬ್ಬ ಹೆಂಗಸು ಇನ್ನೊಬ್ಬಳನ್ನು ಕಳ್ಳಿ ಎಂದದ್ದು ಯಾರ ನೆನಪಿನಲ್ಲೂ ಇಲ್ಲ. ಆದ್ದರಿಂದಲೇ ನಿನ್ನೆಯ ಕೂಗು ಕಡ್ಡಿಯ ಬಗ್ಗೆ ಅಲ್ಲವೆಂಬುದು ಕೇಳಿದವರಿಗೆಲ್ಲ ಗೊತ್ತಾಯಿತು.

ನಿನ್ನೆ ಭಾನುವಾರ. ಎಂದೂ ಮೊದಲ ಪೂಜೆ ತಪ್ಪಿಸದವಳು ಮಂಡಿ ನೋವೆಂದು ಮನೆಯಲ್ಲೇ ಉಳಿದಿದ್ದಳು. ಜಗಲಿಯಲ್ಲಿ ಏನೋ ಸದ್ದಾಗಿ ಕಿಟಕಿಗೆ ಬಂದರೆ ಬಿಳಿ ಜೆರೇನಿಯಂ ಮೇಲೆ ಒಂದು ಕೈ. ಕೈ ಮಾತ್ರ, ಉಳಿದದ್ದೆಲ್ಲ ಕಂಬದ ಮರೆ. ಮಗ ಹೋದ ಮೇಲೆ ಆ ಗಿಡವನ್ನು ಯಾರೂ ಮುಟ್ಟಿರಲಿಲ್ಲ, ಸತ್ತವನ ಗಿಡವೆಂದು ಊರೇ ಬಿಟ್ಟುಬಿಟ್ಟಿತ್ತು. ಆದರೂ ರೂಢಿಯ ಬಲದಿಂದ ರುಬಿಯೆಲಾ ಮುಖ ತಿರುಗಿಸಿಯೂ ಆಗಿತ್ತು, ಒಲೆಯ ಕಡೆಗೆ ಒಂದು ಹೆಜ್ಜೆ ಇಟ್ಟೂ ಆಗಿತ್ತು. ಏನೋ ತಡೆದು ಮತ್ತೆ ನೋಡಿದಳು. ಆ ಕೈ ಕಡ್ಡಿಯನ್ನು ಎಳೆಯಲಿಲ್ಲ. ಗೆಣ್ಣಿನ ಕೆಳಗೆ ಹೆಬ್ಬೆರಳ ಉಗುರು ಒತ್ತಿ, ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ ಮಣಿಕಟ್ಟನ್ನು ಹೊರಗೆ ತಿರುಗಿಸಿತು. ಹಾಗೆ ಮುರಿಯುತ್ತಿದ್ದವಳು ರುಬಿಯೆಲಾಳ ಅಮ್ಮ, ಅಮ್ಮನಿಂದ ಕಲಿತವಳು ರುಬಿಯೆಲಾ, ಅವಳಿಂದ ದುವಾನ್. ಮೊಣಕಾಲೆತ್ತರ ಇದ್ದಾಗ ಅವನ ಪುಟ್ಟ ಬೆರಳನ್ನು ತನ್ನ ಬೆರಳೊಳಗೆ ಹಿಡಿದು ಕಲಿಸಿದ್ದಳು. ಈ ಕೈಗೆ ಅದನ್ನು ಕಲಿಸಿದವನು ಯಾರು ಎಂದು ಕೇಳಬೇಕಾಗಿರಲಿಲ್ಲ. ಯಾವುದೋ ಸಂಜೆ, ಯಾವುದೋ ಗಿಡದ ಮುಂದೆ, ಇವಳ ಬೆರಳನ್ನು ತನ್ನ ಬೆರಳೊಳಗೆ ಹಿಡಿದು ಕೂತಿರಬೇಕು. ಆಗಲೇ ಕೂಗು ಬಂದದ್ದು. ಪೂಜೆ ಮುಗಿಸಿ ಬರುತ್ತಿದ್ದವರು ರಸ್ತೆಯಲ್ಲಿ ನಿಂತರು. ಮೇಲಿನ ಕೇರಿಯಲ್ಲಿ ದುವಾನ್ ಜೊತೆ ಬಾಳಿದ್ದ ಯಮೀಲೆ ಓಡಲಿಲ್ಲ. ಮುರಿದ ಕಡ್ಡಿಯನ್ನು ಜಗಲಿಯ ಕಟಕಟೆಯ ಮೇಲೆ ಮೆಲ್ಲಗೆ ಇಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನಿಂತವರ ನಡುವೆಯೇ ದಾರಿ ಮಾಡಿಕೊಂಡು ಏರು ಹತ್ತಿ ಹೋದಳು.

ಕಡ್ಡಿ ಇವತ್ತೂ ಕಟಕಟೆಯ ಮೇಲೆಯೇ ಇತ್ತು. ಒಳಗೆ ತರಲು ಮನಸ್ಸಿಲ್ಲ, ಎಸೆಯಲು ಕೈ ಬಾರದು.

“ಏನ್ ರುಬಿಯೆಲಾ, ನಿನ್ನೆ ನಿಮ್ಮನೆಗೆ ಕಳ್ಳರು ನುಗ್ಗಿದ್ರಂತೆ?” ಪಕ್ಕದ ಮನೆಯ ಹಿಲ್ಮಾ ಅರೆಪಾ ಎಂಬ ಮೆಕ್ಕೆಜೋಳದ ರೊಟ್ಟಿ ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. ಬಾಲ್ಯದಿಂದ ಜೊತೆಗಿರುವವಳು, ನಾಲಿಗೆಗೆ ಮೂಳೆಯಿಲ್ಲ. “ಪೊಲೀಸಿಗೆ ಹೇಳೋದಿದ್ರೆ ನನ್ ಹೆಸ್ರೂ ಬರ್ಸು ಮತ್ತೆ. ನನ್ ಕಿಟಕೀಲಿರೋ ಕಡುಗೆಂಪು ನಿಂದೇ.”

“ಗೊತ್ತು.”

“ಗೊತ್ತಿಲ್ದೆ ಏನು. ನಾನ್ ಮುರೀತಿದ್ದಾಗ ನೀನ್ ಒಳಗೋಗಿ ಪಾತ್ರೆ ಸದ್ದು ಮಾಡಿದ್ದು ಇನ್ನೂ ಕಿವೀಲಿದೆ. ಇಲ್ಲದ್ ಹಾಲಿಗೆ ಎಷ್ಟು ಗಲಾಟೆ ಮಾಡ್ದೆ ಮಾರಾಯ್ತಿ.”

“ಹಿಲ್ಮಾ, ಬೆಳಬೆಳಿಗ್ಗೆ ನನ್ನ ಕೆಣಕ್ಬೇಡ.”

“ನಾನ್ ಸುಮ್ನಿರ್ತೀನಿ. ಊರು ಸುಮ್ನಿರ್ಬೇಕಲ್ಲ.” ಹಿಲ್ಮಾ ಬುಟ್ಟಿ ಕೆಳಗಿಟ್ಟು ದನಿ ತಗ್ಗಿಸಿದಳು. “ಗಂಡನ್ ಬಿಟ್ಟೋಳು, ಮದ್ವೆ ಆಗ್ದೆ ನಿನ್ ಮಗನ್ ಜೊತೆ ಇದ್ದೋಳು, ಅವನಿಗಿಂತ ದೊಡ್ಡೋಳು, ಎಲ್ಲಾ ಸರಿ. ನಾನೂ ಬೈದಿದ್ದೀನಿ. ಆದ್ರೆ ಕಡ್ಡಿ ಮುರಿಯೋವಾಗ ಬೈಬಾರ್ದಿತ್ತು ಕಣೇ. ಅದಕ್ಕೊಂದು ರೀತಿ ಇದೆ.”

“ಅವಳೇ ಅಂತ ಗೊತ್ತಿರ್ಲಿಲ್ಲ.”

“ಸುಳ್ಳು,” ಎಂದಳು ಹಿಲ್ಮಾ, ಸಿಟ್ಟಿಲ್ಲದೆ. ಬಿಸಿ ಅರೆಪಾ ಒಂದನ್ನು ಕಟಕಟೆಯ ಮೇಲೆ ಆ ಕಡ್ಡಿಯ ಪಕ್ಕ ಇಟ್ಟು ಹೋದಳು.

ದುವಾನ್ ಶನಿವಾರ ಶನಿವಾರ ಬರುತ್ತಿದ್ದ. ಜೀಪನ್ನು ರಸ್ತೆಯಲ್ಲಿ ನಿಲ್ಲಿಸಿ, ಬೂಟು ಕಳಚಿ, ಜಗಲಿಯ ಬೆಂಚಿನ ಮೇಲೆ ಕೂತು ಬೆಲ್ಲದ ಬಿಸಿನೀರು ಕುಡಿದು, ಕುಂಡಗಳಿಗೆಲ್ಲ ನೀರು ಹನಿಸಿ, ಕತ್ತಲಾಗುವ ಮೊದಲು ಎದ್ದುಬಿಡುತ್ತಿದ್ದ. ಎಲ್ಲಿಗೆ ಎಂದು ಅವಳು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಯಮೀಲೆ ಎಂಬ ಹೆಸರನ್ನು ಅವಳು ಅವನ ಮುಂದೆ ಒಮ್ಮೆಯೂ ಉಚ್ಚರಿಸಿರಲಿಲ್ಲ. ‘ಮೇಲಿನವಳು’ ಎನ್ನುತ್ತಿದ್ದಳು, ಅದೂ ತೀರಾ ಅನಿವಾರ್ಯವಾದಾಗ. ಅವನು ನಕ್ಕು, ಅಮ್ಮಾ, ದೇವರನ್ನೂ ನೀನು ಹಾಗೇ ಕರೀತೀಯಲ್ಲ, ಎಂದಿದ್ದ. ಈಗ ಆ ನಗುವಿನ ಅರ್ಧವೇ ನೆನಪಿಗೆ ಬರುತ್ತಿತ್ತು, ಇನ್ನರ್ಧ ಬಾಯಿಯ ಯಾವ ಕಡೆ ತಿರುಗುತ್ತಿತ್ತು ಎಂದು ಎಷ್ಟು ನೆನೆದರೂ ಹೊಳೆಯದು. ಇದು ಅವಳನ್ನು ಎಲ್ಲಕ್ಕಿಂತ ಹೆದರಿಸಿತು. ಕೇಳಿದರೆ ಹೇಳಬಲ್ಲವರು ಯಾರಿದ್ದಾರೆ? ಆ ನಗುವನ್ನು ದಿನವೂ ಕಂಡವಳು ಒಬ್ಬಳೇ. ಗುಡ್ಡ ಜರಿದು ಅವನ ಜೀಪಿನ ಮೇಲೆ ಬಿದ್ದ ದಿನ ಬೇರೆ ಜೀಪುಗಳವರು ಸುದ್ದಿ ಹೊತ್ತು ಮೊದಲು ಓಡಿದ್ದು ಮೇಲಿನ ಕೇರಿಗೆ, ಅವಳ ಬಾಗಿಲಿಗೆ. ಅಲ್ಲಿ ಹೇಳಿಯಾದ ಮೇಲೆ ಇಲ್ಲಿಗೆ ಬಂದರು. ಹೆತ್ತವಳು ಎರಡನೆಯವಳಾಗಿ ಕೇಳಿದಳು. ಆ ಸಂಜೆ ಅಳುವಿನ ಒಳಗೂ ರುಬಿಯೆಲಾಳಿಗೆ ಅದು ಚುಚ್ಚಿತ್ತು, ಮತ್ತು ಆ ಹೊತ್ತಿನಲ್ಲಿ ಅಂಥದ್ದು ಚುಚ್ಚಿತಲ್ಲ ಎಂಬ ಅಸಹ್ಯ ಇನ್ನೂ ಆರಿರಲಿಲ್ಲ.

ಅದರ ಸೇಡನ್ನು ತೀರಿಸಿಕೊಂಡದ್ದು ಜಪದ ಮೊದಲ ಸಂಜೆ. ಸತ್ತವರ ಮನೆಯಲ್ಲಿ ಒಂಬತ್ತು ದಿನ ಜಪ ನಡೆಯುತ್ತದೆ, ಬಂದವರಿಗೆಲ್ಲ ಕಾಫಿ ಕೊಡಬೇಕು, ಅದು ಸತ್ತವನ ಕೈಯಿಂದಲೇ ಕೊಟ್ಟಂತೆ ಎನ್ನುತ್ತಾರೆ. ಯಮೀಲೆ ಒಳಗೆ ಬಂದಿರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲರ ಜೊತೆ ಜಪ ಹೇಳುತ್ತಿದ್ದಳು. ರುಬಿಯೆಲಾ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರ ಮುಂದೆ ಬಾಗುತ್ತ ಬಂದಳು. ಬಾಗಿಲ ಬಳಿಗೆ ಬಂದಾಗ ತಟ್ಟೆಯಲ್ಲಿ ಒಂದು ಲೋಟ ಉಳಿದಿತ್ತು. ಯಮೀಲೆ ಕೈಯನ್ನು ಸ್ವಲ್ಪ, ಒಂದು ಬೆರಳಿನಷ್ಟು, ಮುಂದಕ್ಕೆ ತಂದಿದ್ದಳು. ರುಬಿಯೆಲಾ ತಟ್ಟೆ ತಿರುಗಿಸಿಕೊಂಡು ಅಡುಗೆಮನೆಗೆ ನಡೆದು, ಆ ಕಾಫಿಯನ್ನು ಬಚ್ಚಲಿಗೆ ಸುರಿದಳು. ಜಪದ ಉಳಿದ ದಿನ ಯಮೀಲೆ ಬರಲಿಲ್ಲ. ಕಾಫಿ ಸುರಿದ ಆ ಸದ್ದು ಮಾತ್ರ ಇವಳಿಗೆ ಕುಂಡಕ್ಕೆ ನೀರು ಹಾಕುವಾಗೆಲ್ಲ ಕೇಳುತ್ತಿತ್ತು. ಒಮ್ಮೊಮ್ಮೆ ಅದಕ್ಕೆ ಹೆದರಿ ನೀರನ್ನು ತೀರಾ ಮೆಲ್ಲಗೆ, ಕೈಯಿಂದ ಹನಿಸುತ್ತಿದ್ದಳು.

ಹಾಗಾದರೆ ಈಗ ಮಾಡಬೇಕಾದದ್ದು ಇಷ್ಟೇ ಎಂದು ಅವಳಿಗೆ ತೋರಿತು: ಯಮೀಲೆ ಮತ್ತೆ ಬಂದು ಆ ಗಿಡದಿಂದ ಕಡ್ಡಿ ಮುರಿಯಬೇಕು. ತಾನು ಕಂಡೂ ಕಾಣದಂತೆ ಒಳಗೆ ಹೋಗಬೇಕು. ಊರಿನ ಯಾರಾದರೂ ಅದನ್ನು ನೋಡಿದರೆ ಇನ್ನೂ ಒಳ್ಳೆಯದು. ಕೂಗಿ ಆಡಿದ್ದನ್ನು ಸುಮ್ಮನಿದ್ದು ಅಳಿಸಬೇಕು, ಕ್ಷಮಿಸು ಎಂಬ ಪದಕ್ಕೆ ಬಾಯಿಯ ಹತ್ತಿರ ಸುಳಿಯಲು ಬಿಡದೆ. ಯಮೀಲೆ ಬೆಳಗಿನಲ್ಲೇ ಎಂಪನಾದ ಎಂಬ ಕರಿದ ಕಡುಬು ತುಂಬಿದ ಡಬ್ಬಿ ಹೊತ್ತು ಚೌಕದ ಜೀಪ್ ನಿಲ್ದಾಣಕ್ಕೆ ಇಳಿಯುತ್ತಾಳೆ, ಮಾರಿ ಮುಗಿಸಿ ಮಧ್ಯಾಹ್ನ ಇದೇ ರಸ್ತೆಯಲ್ಲಿ ಹತ್ತುತ್ತಾಳೆ. ರುಬಿಯೆಲಾ ಕುಂಡವನ್ನು ತಬ್ಬಿ ಎತ್ತಿದಳು, ಮಂಡಿ ಕಿರುಗುಟ್ಟಿತು. ಮೆಟ್ಟಿಲಿಳಿದು ರಸ್ತೆಯ ಪಕ್ಕದ ಕಲ್ಲಿನ ಮೇಲೆ, ಕೈಗೆ ಸಿಗುವ ಎತ್ತರಕ್ಕೆ ಇಟ್ಟಳು. ಎಲ್ಲಕ್ಕಿಂತ ಚೆನ್ನಾದ ಕೊಂಬೆ ರಸ್ತೆಗೆ ಮುಖ ಮಾಡುವಂತೆ ತಿರುಗಿಸಿದಳು. ಮದುವೆಗೆ ಬಂದ ಹುಡುಗಿಯನ್ನು ಜನರೆದುರು ಕೂರಿಸಿದ ಹಾಗಿದೆ ಎನ್ನಿಸಿ ಅರ್ಧ ಹಿಂದಕ್ಕೆ ತಿರುಗಿಸಿದಳು. ಮಧ್ಯಾಹ್ನಕ್ಕೆ ಮುಂಚೆ ಬಾಗಿಲು ಎಳೆದುಕೊಂಡು ಇಗರ್ಜಿಗೆ ಹೋದಳು. ಅಲ್ಲಿ ಖಾಲಿ ಬೆಂಚಿನಲ್ಲಿ ಕೂತು, ಪ್ರಾರ್ಥನೆ ಮಾಡಬೇಕಾದ ಕಡೆ, ಈಗ ಚೌಕ ದಾಟಿರಬೇಕು, ಈಗ ತಿರುವಿಗೆ ಬಂದಿರಬೇಕು, ಈಗ ಡಬ್ಬಿ ಕೆಳಗಿಟ್ಟಿರಬೇಕು ಎಂದು ಯಮೀಲೆಯ ಹೆಜ್ಜೆಗಳನ್ನೇ ಹೇಳಿಕೊಳ್ಳುತ್ತಿದ್ದಳು.

ವಾಪಸು ಬಂದಾಗ ರಸ್ತೆಗೆ ಮುಖ ಮಾಡಿದ್ದ ಕೊಂಬೆ ಇರಲಿಲ್ಲ. ಗಾಯದ ಜಾಗದಲ್ಲಿ ರಸ ಒಸರುತ್ತಿತ್ತು. ರುಬಿಯೆಲಾಳಿಗೆ ಎದೆ ತುಂಬಿ ಬಂತು. ಆ ಹಸಿ ಜಾಗವನ್ನು ಬೆರಳಿನಿಂದ ಮುಟ್ಟಿ ಮೂಸಿದಳು, ಜೆರೇನಿಯಂನ ಆ ಖಾರ ವಾಸನೆ. ದೇವರು ಇಷ್ಟು ಬೇಗ ಕಿವಿಗೊಡುತ್ತಾನೆಂದು ಅವಳು ತಿಳಿದಿರಲಿಲ್ಲ. ಆಮೇಲೆ ನೋಡಿದರೆ ಮುರಿದದ್ದು ಉಗುರಿನಿಂದ ಅಲ್ಲ, ಎಳೆದು ಕಿತ್ತದ್ದು. ಸಿಪ್ಪೆ ಉದ್ದಕ್ಕೂ ಸುಲಿದಿತ್ತು.

“ಬೈಬೇಡ ಕಣೇ,” ಹಿಲ್ಮಾ ತನ್ನ ಕಿಟಕಿಯಿಂದಲೇ ಕೂಗಿದಳು. “ಎಷ್ಟು ದಿನದಿಂದ ಇದ್ರ ಮೇಲೆ ಕಣ್ಣಿತ್ತು ನಂಗೆ. ನೀನಾಗೇ ರಸ್ತೆಗಿಟ್ಟಿದ್ದು ನೋಡಿ, ಸದ್ಯ, ಇವಳ ದುಃಖ ಮುಗೀತು ಅಂದ್ಕೊಂಡೆ.”

ರುಬಿಯೆಲಾ ಕುಂಡದ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. “ಅವಳು ಬಂದ್ಲಾ?”

“ಯಾರು?”

“ಯಮೀಲೆ.”

ಆ ಹೆಸರನ್ನು ಇವಳ ಬಾಯಲ್ಲಿ ಕೇಳಿ ಹಿಲ್ಮಾ ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿದಳು. ಗೇಲಿಯ ಮುಖ ಹೋಗಿತ್ತು. “ಇಲ್ಲ. ಕಸಾಯಿಖಾನೆ ಕಡೆಯಿಂದ ಸುತ್ತಾಕೊಂಡು ಹೋದ್ಲು. ಆ ಡಬ್ಬಿ ಹೊತ್ಕೊಂಡು, ಆ ಕೆಸ್ರಲ್ಲಿ. ಇನ್ಮೇಲೆ ಅದೇ ದಾರಿ ಅಂತೆ ಅವಳಿಗೆ.”

ಕಸಾಯಿಖಾನೆಯ ದಾರಿಯೆಂದರೆ ಗುಡ್ಡವನ್ನೇ ಬಳಸಿ ಹತ್ತಬೇಕು. ಮಳೆ ಬಿದ್ದರೆ ದನಗಳೂ ಅಲ್ಲಿ ಕಾಲಿಡಲು ಯೋಚಿಸುತ್ತವೆ. ರುಬಿಯೆಲಾ ಎದ್ದು, ಕುಂಡವನ್ನು ಅಲ್ಲೇ ಬಿಟ್ಟು, ಜಗಲಿಗೆ ಹೋದಳು. ಕಟಕಟೆಯ ಮೇಲಿನ ಕಡ್ಡಿಯನ್ನು ತೆಗೆದು ಕೈಚೀಲದಲ್ಲಿ ಹಾಕಿಕೊಂಡಳು. ಕೊಡುವುದಕ್ಕಲ್ಲ, ಕೊಟ್ಟದ್ದು ಹತ್ತುವುದಿಲ್ಲ, ಮೇಲಾಗಿ ಕೊಡಬೇಕಾದರೆ ಮಾತಾಡಬೇಕು. ಅವಳ ಬಾಗಿಲ ಮುಂದೆ ಚೀಲದಿಂದ ಜಾರಿ ಬಿದ್ದ ಹಾಗೆ ಬೀಳಿಸಿ ಬಂದರಾಯಿತು. ಬಿದ್ದದ್ದನ್ನು ಎತ್ತಿಕೊಂಡರೆ ಅದು ಕದ್ದದ್ದಕ್ಕೆ ಸಮ. ಹೀಗೊಂದು ಲೆಕ್ಕ ಹಾಕಿಕೊಂಡು, ಈ ವಯಸ್ಸಿನಲ್ಲಿ ಚಿಕ್ಕ ಹುಡುಗಿಯರ ಬುದ್ಧಿ ಬಂತಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತ, ಏರು ಹತ್ತತೊಡಗಿದಳು.

ಈ ಏರಿಗೆ ಅವಳು ಕಾಲಿಟ್ಟದ್ದೇ ಇಲ್ಲ. ದುವಾನ್ ಮೇಲಿದ್ದ ವರ್ಷಗಳಲ್ಲೂ ಇಲ್ಲ. ಅಮ್ಮಾ ಒಂದ್ಸಲ ಬಾ, ಮೋಡ ಕೆಳಗೆ ಕಾಣುತ್ತೆ, ಎಂದು ಕರೆದಿದ್ದ. ಮೋಡ ನೋಡೋಕೆ ನಾನೇನು ಹಕ್ಕಿಯಾ, ಎಂದಿದ್ದಳು. ಆವತ್ತು ಅವನು ನಗಲಿಲ್ಲ. ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅವಳನ್ನು ಕಂಡು ‘ನಮಸ್ಕಾರ, ದೊನ್ಯಾ ರುಬಿಯೆಲಾ’ ಎಂದು ಮರ್ಯಾದೆಯಿಂದ ಅಂದರು, ಒಬ್ಬಳೂ ಎಲ್ಲಿಗೆ ಎಂದು ಕೇಳಲಿಲ್ಲ; ಕೇಳದಿದ್ದುದರಿಂದಲೇ ಎಲ್ಲರಿಗೂ ಗೊತ್ತಿದೆ ಎಂದು ತಿಳಿಯಿತು. ಅವರು ತನ್ನ ಬೆನ್ನನ್ನು ನೋಡುತ್ತಿದ್ದಾರೆ. ಬೆವರಿ ರವಿಕೆ ಅಂಟಿಕೊಂಡ ಬೆನ್ನು. ಉಸಿರು ಸಿಗದೆ ಗೋಡೆ ಹಿಡಿದು ನಿಂತಾಗ, ದಿನವೂ ಇಷ್ಟು ಹತ್ತಿ ಬರುತ್ತಿದ್ದವನು ಕೆಳಗೆ ತನ್ನ ಜಗಲಿಯಲ್ಲಿ ಕತ್ತಲಾಗುವ ಮೊದಲೇ ಏಳುತ್ತಿದ್ದುದು ಯಾಕೆಂದು ಹೊಳೆಯಿತು. ಈ ಏರಿನಲ್ಲಿ ದೀಪವಿರಲಿಲ್ಲ. ಅಷ್ಟೇ ಕಾರಣ. ಅವಳು ಅದನ್ನು ಅವಸರವೆಂದು, ಮೇಲಿನವಳ ಸೆಳೆತವೆಂದು, ಎಷ್ಟೊಂದು ಶನಿವಾರ ಮನಸ್ಸಿನಲ್ಲೇ ಕುದಿಸಿದ್ದಳು.

ಕೇರಿಯ ಕೊನೆಯ ಮನೆ. ಗಾರೆ ಕಾಣದ ಇಟ್ಟಿಗೆ, ತಗಡಿನ ಸೂರು, ಮುಂದೆ ಸೊಂಟದೆತ್ತರದ ಗೋಡೆ. ಗೋಡೆಯ ಮೇಲೆ ಉದ್ದಕ್ಕೂ ಎಣ್ಣೆಯ ತಗಡಿನ ಡಬ್ಬಗಳು, ಡಬ್ಬ ಡಬ್ಬದಲ್ಲೂ ಬಿಳಿ ಜೆರೇನಿಯಂ, ಬಿಳಿಯ ನಡುವೆ ಕೆಂಪು ಗೆರೆ. ಒಂದು ತುದಿಯಲ್ಲಿ ಎದೆಯೆತ್ತರ ಬೆಳೆದು ಹೂ ಹೊತ್ತು ಬಾಗಿದವು. ಆಮೇಲೆ ಸ್ವಲ್ಪ ಸಣ್ಣವು. ಆಮೇಲೆ ಇನ್ನೂ ಸಣ್ಣವು. ಕೊನೆಗೆ ಎರಡೇ ಎಲೆಯವು. ರುಬಿಯೆಲಾ ಬಾಯಿ ತೆರೆದುಕೊಂಡು ನಿಂತಳು. ಊರಿಗೆಲ್ಲ ಒಂದೇ ಎಂದುಕೊಂಡಿದ್ದ ಗಿಡ. ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಲು ಬಂದ ಹಾಗಾಗಿತ್ತು ಅವಳ ಸ್ಥಿತಿ. ಹಿಂದಿರುಗಬೇಕೆಂದುಕೊಂಡಳು. ಆಗ ಸಾಲಿನ ತೀರಾ ಕೊನೆಯ ಡಬ್ಬ ಕಂಡಿತು. ಅದರಲ್ಲಿ ಬರಿ ಮಣ್ಣು. ಯಾರೋ ನೀರು ಹಾಕಿ ನೆನೆಸಿಟ್ಟಿದ್ದರು. ಖಾಲಿ ಒದ್ದೆ ಮಣ್ಣನ್ನು ಕಂಡರೆ ಸುಮ್ಮನಿರುವ ಕೈ ಅವಳದಲ್ಲ. ಚೀಲದಿಂದ ಕಡ್ಡಿ ತೆಗೆದು, ಬೆರಳಿನಿಂದ ಕುಳಿ ಮಾಡಿ, ಅದನ್ನಿಟ್ಟು ಸುತ್ತ ಮಣ್ಣು ಒತ್ತುತ್ತಿದ್ದಳು. ಒಳಗೆ ಹೆಜ್ಜೆ ಸದ್ದಾಯಿತು. ಬೆರಳು ತೆಗೆದು ಹೋಗಿಬಿಡುವಷ್ಟು ಸಮಯವಿತ್ತು. ಅವಳು ತೆಗೆಯಲಿಲ್ಲ. ಕೂಗಲಿ ಎಂದು ಕಾದಳು. ಯಮೀಲೆಯೂ ರಸ್ತೆಗೆಲ್ಲ ಕೇಳುವಂತೆ ಏನಾದರೂ ಕೂಗಿದರೆ ತಾನು ಹಗುರಾಗಿ ಇಳಿದು ಹೋಗಬಹುದಿತ್ತು.

ಯಮೀಲೆ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಗೆ ಮೆಕ್ಕೆಜೋಳದ ಹಿಟ್ಟು. ಕೂಗಲಿಲ್ಲ. ಮುಖ ತಿರುಗಿಸಲೂ ಇಲ್ಲ. ಕಸಾಯಿಖಾನೆಯ ಕೆಸರು ಇನ್ನೂ ಅವಳ ಕಾಲಿಗಿತ್ತು.

“ಏನ್ ಮಾಡ್ತಿದ್ದೀರಿ, ದೊನ್ಯಾ ರುಬಿಯೆಲಾ?”

“ನಿಂದೇ ಇದು. ನೀನ್ ನಿನ್ನೆ ಬಿಟ್ಬಂದಿದ್ದೆ.”

“ಅದಕ್ಕೇ ಆ ಡಬ್ಬ ಇಟ್ಟಿದ್ದು.”

ಕೆಳಗೆಲ್ಲೋ ಒಂದು ಜೀಪು ಏದುಸಿರು ಬಿಡುತ್ತ ತಿರುವು ಹತ್ತುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು, ಇಬ್ಬರೂ ಕೇಳಿಸಿಕೊಂಡದ್ದು ಇಬ್ಬರಿಗೂ ತಿಳಿಯಿತು. ರುಬಿಯೆಲಾ ಮಣ್ಣಿನ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು. ಬಾಯಿಗೆ ಬಂದದ್ದು ಗದರಿಕೆಯಂಥ ಮಾತೇ:

“ಇಷ್ಟೊಂದು ಇಟ್ಕೊಂಡು ನಮ್ಮನೆ ಗಿಡಕ್ಕೆ ಯಾಕೆ ಕೈ ಹಾಕೋಕ್ ಬಂದೆ?”

“ಇವೆಲ್ಲ ನಿಮ್ಮನೇವೇ.” ಯಮೀಲೆ ಹಿಟ್ಟಿನ ಕೈಯಲ್ಲೇ ಸಾಲನ್ನು ತೋರಿಸಿದಳು. “ಅವ್ನು ಹೋದ್ಮೇಲೆ ಪ್ರತಿ ಭಾನುವಾರ, ನೀವು ಪೂಜೆಗೆ ಹೋದಾಗ ಬರ್ತಿದ್ದೆ. ಅವ್ನು ಕೂತ್ಕೊಳ್ತಿದ್ದ ಬೆಂಚಲ್ಲಿ ಒಂದ್ ಗಳಿಗೆ ಕೂತು ಬರೋದು. ಸುಮ್ನೆ ಕೂತಿದ್ರೆ ಊರೋರು ಬಿಡ್ತಾರಾ, ಇವಳಿಗಿಲ್ಲೇನು ಕೆಲ್ಸ ಅಂತಾರೆ. ಕೈಯಲ್ಲೊಂದು ಕಡ್ಡಿ ಇದ್ರೆ ಯಾರೂ ಕೇಳಲ್ಲ. ಕಡ್ಡಿ ಕದಿಯೋಳನ್ನ ಯಾರೂ ನೋಡಲ್ಲ ನಿಮ್ಮೂರಲ್ಲಿ.” ಕಾಲಿನ ಕೆಸರನ್ನು ಹೊಸ್ತಿಲಿಗೆ ಉಜ್ಜಿದಳು. “ನೋಡ್ತಿರ್ಲಿಲ್ಲ.”

ರುಬಿಯೆಲಾ ಡಬ್ಬಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಇನ್ನೊಮ್ಮೆ ನೋಡಿದಳು. ಎದೆಯೆತ್ತರದ್ದು ಜಪ ಮುಗಿದ ಮೇಲಿನ ಮೊದಲ ಭಾನುವಾರದ್ದು. ಎರಡೆಲೆಯದು ಕಳೆದ ವಾರದ್ದು. ಚಿವುಟಿದಷ್ಟೂ ಜೆರೇನಿಯಂ ಕವಲೊಡೆಯುತ್ತದೆ, ಕವಲೊಡೆದಷ್ಟೂ ಹೂ ಬಿಡುತ್ತದೆ; ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಇಷ್ಟು ತಿಂಗಳು ತಾನು ನಾಚಿಕೆಗೆಟ್ಟದ್ದು ಎಂದು ಬೈದ ಹೂವನ್ನೆಲ್ಲ ಅರಳಿಸಿದ್ದು ಈ ಹಿಟ್ಟಿನ ಕೈ. ತನ್ನ ಮನೆಯ ಬೆಂಚಿನ ಮೇಲೆ, ತಾನಿಲ್ಲದಾಗ, ಕಾಫಿಯಿಲ್ಲದೆ, ಒಂಟಿಯಾಗಿ ಇವಳು ಅತ್ತು ಹೋಗುತ್ತಿದ್ದಳು. ಇಗರ್ಜಿಯಲ್ಲಿ ತಾನೂ ಅದೇ ಹೊತ್ತಿಗೆ ಅಳುತ್ತಿದ್ದಳು. ಕ್ಷಮಿಸು ಎನ್ನಬೇಕು. ಪದ ಬರಲಿಲ್ಲ. ಭಾನುವಾರ ಬಾ ಎನ್ನಬೇಕು; ಅದೂ ಬರಲಿಲ್ಲ. ಇಷ್ಟು ವರ್ಷ ಮುಚ್ಚಿದ್ದ ಬಾಯಿಯಿಂದ ಅಷ್ಟು ದೊಡ್ಡ ಮಾತು ಹೊರಡುವುದಿಲ್ಲವೆಂದು ತಿಳಿದು ರುಬಿಯೆಲಾ ಸಣ್ಣದೊಂದನ್ನು ಹುಡುಕಿದಳು. ಬೆರಳ ಮಣ್ಣನ್ನು ನೋಡುತ್ತ, ಜನ್ಮದಲ್ಲಿ ಯಾರನ್ನೂ ಕೇಳದಿದ್ದುದನ್ನು ಕೇಳಿದಳು.

“ಒಂದು ಕಡ್ಡಿ ಕೊಡ್ತೀಯಾ, ಮಗಳೇ?”

ಕೆಳಗೆ ರುಬಿಯೆಲಾಳ ಮನೆಯ ಮುಂದೆ ತಾಯಿ ಗಿಡವೇ ಇದೆಯೆಂಬುದು ಇಬ್ಬರಿಗೂ ಗೊತ್ತಿತ್ತು.

“ಕೇಳಿ ತಗೊಂಡಿದ್ದು ಹತ್ತಲ್ಲ ಅಂತಿದ್ದ ಅವ್ನು,” ಎಂದಳು ಯಮೀಲೆ. “ಅಮ್ಮ ಹೇಳಿದ್ದು ಅಂತಿದ್ದ.”

“ಹತ್ತಲ್ಲ.”

ಯಮೀಲೆ ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡು ಬಂದು, ಎಲ್ಲಕ್ಕಿಂತ ಎತ್ತರದ ಗಿಡದಲ್ಲಿ ಹುಡುಕಿ, ಗೆಣ್ಣಿನ ಕೆಳಗೆ ಉಗುರು ಒತ್ತಿ, ಮಣಿಕಟ್ಟನ್ನು ಹೊರಗೆ ತಿರುಗಿಸಿದಳು. ರುಬಿಯೆಲಾ ಈ ಸಲ ಮುಖ ತಿರುಗಿಸದೆ ಕೊನೆಯವರೆಗೂ ನೋಡಿದಳು.

“ಹತ್ತದಿದ್ರೆ,” ಎಂದಳು ಯಮೀಲೆ ಕಡ್ಡಿಯನ್ನು ಅವಳ ಕೈಯಲ್ಲಿಟ್ಟು, “ಮತ್ತೆ ಬಂದು ಕೇಳಿ.”

ಇಳಿಯುವಾಗ ನಲ್ಲಿಯ ಬಳಿಯ ಹೆಂಗಸರ ಮುಂದೆ ಅವಳು ಕಡ್ಡಿಯನ್ನು ಚೀಲದಲ್ಲಿ ಅಡಗಿಸಲಿಲ್ಲ, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಬಂದಳು. ಮನೆ ಮುಟ್ಟಿ ಖಾಲಿ ಕುಂಡವೊಂದನ್ನು ಕೈಗೆತ್ತಿಕೊಂಡವಳು ಮತ್ತೆ ಅದನ್ನು ಕೆಳಗಿಟ್ಟಳು. ಜೆರೇನಿಯಂ ಹಟಮಾರಿ ಜಾತಿ. ನೀರಿಲ್ಲದೆ ಎರಡು ಮೂರು ದಿನ ಎಸೆದಿದ್ದರೂ ಸಾಯುವುದಿಲ್ಲ, ಮಣ್ಣು ಸೋಕಿದರೆ ಸಾಕು, ಬೇರು ಬಿಟ್ಟುಬಿಡುತ್ತದೆ. ಕೇಳಿ ತಂದದ್ದು, ಕದ್ದು ತಂದದ್ದು ಎಂಬ ಭೇದ ಅದಕ್ಕೆಲ್ಲಿಯದು. ಇಷ್ಟು ವರ್ಷ ಜನರೆದುರು ಏನೇ ಹೇಳಿದ್ದರೂ ಅವಳಿಗೆ ಇದು ಗೊತ್ತಿತ್ತು. ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿ, ಕಡ್ಡಿಯನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಕಲ್ಲು ಬಿಸಿಯಾಯಿತೇ ಎಂದು ಕೈಯಿಟ್ಟು ನೋಡಿ, ಇನ್ನೂ ಸ್ವಲ್ಪ ಬೆಂಕಿಯ ಹತ್ತಿರಕ್ಕೆ ಸರಿಸಿದಳು. ಮತ್ತೆ ಹೋಗಿ ಕೇಳುವುದಕ್ಕೆ, ಭಾನುವಾರದೊಳಗೆ ಅದು ಬಾಡಬೇಕಿತ್ತು.